ಮಲ್ಕಪ್ಪ ಹಚ್ಚಿದ ಹೊಳಪು

ಬೆಳಗಿನ ಆರು ಗಂಟೆ. ಅಫಜಲಪುರದ ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿ ಎಂಜಿನಿಯರ್ ಶಾಂತಲಿಂಗಪ್ಪನವರ ಕಚೇರಿಯ ಷಟರ್ ಎತ್ತುವವನು ಮಲ್ಕಪ್ಪ. ಹತ್ತಕ್ಕೆ ಕರೆಂಟು ಹೋಗುತ್ತದೆ, ಅಷ್ಟರೊಳಗೆ ಒಂದು ಮನೆಯ ಚಿತ್ರ ಮುಗಿಯಬೇಕು. ಸಾಹೇಬರು ಕಂಪ್ಯೂಟರಿನಲ್ಲಿ ಎಬ್ಬಿಸಿದ ಮನೆ ಬರೀ ಬೂದು ಬಣ್ಣದ್ದು. ಬಾಗಿಲು ಸಾಗವಾನಿ, ಗೋಡೆ ಸುಣ್ಣದ್ದು, ನೆಲ ಶಹಾಬಾದಿ ಕಲ್ಲು ಎಂದು ಕಾಣುವಂತೆ ಮಾಡುವುದು ಇವನ ಕೆಲಸ. ನೆಲಕ್ಕೆ ಬಂದಾಗ ಮಾತ್ರ ಕೈ ತಡೆಯುತ್ತದೆ. ಎದ್ದು ಹೋಗಿ ಹೊಸ್ತಿಲ ಕಲ್ಲಿನ ಮೇಲೆ ಅಂಗೈ ಆಡಿಸಿ ಬಂದು ಕೂರುತ್ತಾನೆ.

“ಬಣ್ಣ ಹಚ್ಚೋದು ಹಗುರ ಅದರಿ. ಅದರ ಮ್ಯಾಲ ಬೆಳಕು ಹೆಂಗ ಬೀಳ್ತದ ಅಂತ ಕಂಪ್ಯೂಟರಿಗೆ ಹೇಳಬೇಕಲ್ಲ, ಅದೇ ತ್ರಾಸು.”

ಚೌಡಾಪುರದ ಮಲ್ಕಪ್ಪ ಇಪ್ಪತ್ತು ವರ್ಷ ಮನೆ ಮನೆಗೆ ಸುಣ್ಣ ಬಳಿದವನು. ತೊಂಬತ್ತಾರರಲ್ಲಿ ಏಣಿಯಿಂದ ಬಿದ್ದು ಸೊಂಟ ಹೋಯಿತು. ಮೂವತ್ತೆಂಟರ ವಯಸ್ಸಿಗೆ ಆರು ತಿಂಗಳು ಗುಲಬರ್ಗಾಕ್ಕೆ ಬಸ್ಸಿನಲ್ಲಿ ಓಡಾಡಿ ಈ ವಿದ್ಯೆ ಕಲಿತ. ಇಂಗ್ಲಿಷ್ ಬಾರದು, ಪರದೆಯ ಮೇಲೆ ಯಾವುದು ಎಲ್ಲಿದೆ ಎಂಬುದೆಲ್ಲ ಬಾಯಿಪಾಠ. ಬಣ್ಣ ಹಚ್ಚಲು ಒಂದು ತಾಸು, ಕಂಪ್ಯೂಟರು ಅದನ್ನು ಚಿತ್ರ ಮಾಡಲು ಮೂರು ತಾಸು. ನಡುವೆ ಕರೆಂಟು ಕೈಕೊಟ್ಟರೆ ಮತ್ತೆ ಮೊದಲಿನಿಂದ. ವಾರಕ್ಕೆ ನಾಲ್ಕು ಮನೆ ಮುಗಿದರೆ ದೊಡ್ಡದು.

ಭಲೇ ಮಲ್ಕಪ್ಪ ಎಂದು ಜನ ಬೆನ್ನು ತಟ್ಟುತ್ತಾರೆ. ತಟ್ಟಿದಷ್ಟೂ ಇವನ ತಲೆ ತಗ್ಗುತ್ತದೆ. ಕಾರಣ ಕೇಳಿದರೆ ಹಳೆಯದೊಂದು ಸಂಗತಿ ಹೇಳುತ್ತಾನೆ.

ಕಳೆದ ವರ್ಷ ಗಾಣಗಾಪುರದ ನಿಂಬೆವ್ವ ಈ ಕಚೇರಿಗೆ ಬಂದಿದ್ದಳು. ಹೊಳೆ ದಂಡೆಯ ಅವಳ ಮನೆಗೆ ಭೀಮೆಯ ನೀರು ನುಗ್ಗಿ ಗೋಡೆ ಕುಸಿದಿತ್ತು. ಎತ್ತರದ ಜಾಗದಲ್ಲಿ ಹೊಸ ಮನೆ ಕಟ್ಟಿಸುವ ಮಾತು. ಅದೇ ವಾರ ಮಲ್ಕಪ್ಪನಿಗೆ ಕನ್ನಡಿಯಂಥ ಹೊಳಪು ಹಚ್ಚುವುದು ಒಲಿದಿತ್ತು. ಜಂಬ ಕೇಳಬೇಕೆ! ಅವಳ ಹೊಸ ಮನೆಯ ಚಿತ್ರದಲ್ಲಿ ನೆಲದ ತುಂಬ ಹೊಳಪು ಸುರಿದುಬಿಟ್ಟ. ಬಾಗಿಲು ಕಿಟಕಿಗಳೆಲ್ಲ ನೆಲದೊಳಗೆ ತಲೆಕೆಳಗಾಗಿ ಕಂಡವು.

ನಿಂಬೆವ್ವ ಪರದೆ ನೋಡಿದವಳೇ ಸೀರೆಯ ನೆರಿಗೆ ಮೇಲೆತ್ತಿ ಹಿಂದೆ ಸರಿದಳು. “ಯವ್ವಾ, ಇಲ್ಲೂ ನೀರು ಹೊಕ್ಕಾವಲ್ಲೋ ತಮ್ಮಾ!”

ಕಚೇರಿಯೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಲ್ಕಪ್ಪ.

“ಆಕಿ ಮನಿಗಿ ವರ್ಷಾ ವರ್ಷಾ ನಾನೇ ಸುಣ್ಣ ಹೊಡೀತಿದ್ದೆರಿ. ರೊಟ್ಟಿ ತಿನ್ನಿಸದ ಒಂದಿನಾನೂ ಕಳಿಸಿಲ್ಲ. ನೀರು ಏರಿದ ಗುರ್ತು ಆ ಗೋಡಿ ಮ್ಯಾಲ ಕಣ್ಣಾರೆ ನೋಡೇನಿ. ಅಂಥಾದ್ರಾಗ ನಾನೇ ನಕ್ಕೆ. ಮನುಷ್ಯಾ ಏನ್ರಿ ನಾ?” ಮಲ್ಕಪ್ಪ ಮುಖ ಆಚೆ ತಿರುಗಿಸುತ್ತಾನೆ.

ನಿಂಬೆವ್ವ ಅಂದು ಸೆರಗು ತಲೆಗೆಳೆದುಕೊಂಡು ಹೋದವಳು ಮತ್ತೆ ಬರಲಿಲ್ಲ. ಹೊಸ ಮನೆಯ ಮಾತೂ ನಿಂತಿತು. ಕುಸಿದ ಗೋಡೆಯ ಪಕ್ಕದ ತಗಡಿನ ಗುಡಿಸಲಿನಲ್ಲೇ ಅವಳಿದ್ದಾಳೆ. ಮಳೆಗಾಲ ಮತ್ತೆ ಹತ್ತಿರ ಬಂದಿದೆ.

ಆಮೇಲೆ ಹನ್ನೊಂದು ಬೆಳಗು ಕೂತು ಮಲ್ಕಪ್ಪ ಆ ಹೊಳಪನ್ನು ತೆಗೆದ. ಒರಟು, ಒಣ ಕಲ್ಲಿನ ನೆಲ ಮಾಡಿದ. ಕಾಗದಕ್ಕೆ ಇಳಿಸಿದ ಆ ಚಿತ್ರ ಹಳೆ ಪೇಪರಿನಲ್ಲಿ ಸುತ್ತಿಕೊಂಡು ಸದಾ ಇವನ ಚೀಲದಲ್ಲಿರುತ್ತದೆ. ಚೌಡಾಪುರದಿಂದ ಗಾಣಗಾಪುರಕ್ಕೆ ಜೀಪುಗಳು ಕಣ್ಣೆದುರೇ ಹೊರಡುತ್ತವೆ. ಹತ್ತುವುದಿಲ್ಲ.

“ಯಾವ ಮುಖ ಇಟ್ಕೊಂಡು ಹೋಗ್ಲಿರಿ?”

ಏನಾದರೂ ಆಸೆ ಇದೆಯೇ ಎಂದರೆ ಚೀಲದಿಂದ ಚಿತ್ರ ತೆಗೆದು ತೋಳಿನಿಂದ ಒರೆಸುತ್ತಾನೆ.

“ದೊಡ್ಡ ಆಸೆ ಏನಿಲ್ರಿ. ನಿಂಬೆವ್ವ ಇದನ್ನ ನೋಡಿ, ಎತ್ತಿ ಹಿಡಿದ ನೆರಿಗಿ ಕೆಳಗ ಬಿಟ್ರ ಸಾಕು.”