ಗಾಳಿ ಸೋಸಿದ ಬಟ್ಟೆ

ಜೂನ್ ತಿಂಗಳ ದೆಹಲಿಯಲ್ಲಿ ಬಾಣಂತನ ಮಾಡಿಸಿಕೊಳ್ಳುವ ಹೆಂಗಸಿಗೆ ಬೇರೆ ತಪಸ್ಸು ಬೇಕಿಲ್ಲ. ಚೊಚ್ಚಲ ಹೆರಿಗೆ, ನಾನು ತವರಿಗೆ ಹೋಗಬೇಕಿತ್ತು. ಬಿ.ಪಿ. ಏರಿದೆ, ರೈಲು ಹತ್ತಬೇಡಿ ಎಂದು ಡಾಕ್ಟರು ತಡೆದರು. ಹಾಗಾಗಿ ತವರೇ ನನ್ನ ಬಳಿಗೆ ಬಂತು. ತಿಪಟೂರಿನಿಂದ ಅಮ್ಮ ದೊಡ್ಡ ದೊಡ್ಡ ಚೀಲ ಹೊತ್ತು ಬಂದಿಳಿದಳು. ಒಂದರಲ್ಲಿ ಲೇಹ್ಯ, ಕಾಳುಮೆಣಸು, ಓಮ, ಸಾಂಬ್ರಾಣಿ, ಹರಳೆಣ್ಣೆ. ಇನ್ನೊಂದರಲ್ಲಿ ಬರೀ ಹಳೇ ನೂಲಿನ ಸೀರೆಗಳು. ಬಾಣಂತಿಗೂ ಕೂಸಿಗೂ ಹೊಸ ಬಟ್ಟೆ ಆಗುವುದಿಲ್ಲ, ಒಗೆದು ಒಗೆದು ಮೆತ್ತಗಾದದ್ದೇ ಆಗಬೇಕು ಎನ್ನುವುದು ಅವಳ ಶಾಸ್ತ್ರ.

ಆರ್.ಕೆ.ಪುರಂನಲ್ಲಿ ನಮ್ಮ ಸರ್ಕಾರಿ ಕ್ವಾರ್ಟರ್ಸ್ ಮೇಲಿನ ಮಹಡಿಯಲ್ಲಿತ್ತು. ಅದರ ಮೇಲೆ ತಾರಸಿ, ತಾರಸಿಯ ಮೇಲೆ ಸೂರ್ಯ, ನಡುವೆ ಇನ್ನೇನೂ ಇರಲಿಲ್ಲ. ಮಲಗುವ ಕೋಣೆಗೆ ಎರಡು ಕಿಟಕಿ. ಒಂದರಲ್ಲಿ ಹಳೆಯ ಏಸಿ ಕೂತಿತ್ತು. ಪಕ್ಕದ ಬ್ಲಾಕಿನ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ನಮಗೆ ದಾಟಿಸಿ ಹೋದದ್ದು, ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯ ಹಾಗೆ ಸದ್ದು. ಇನ್ನೊಂದು ಕಿಟಕಿಯನ್ನು ಅಮ್ಮ ಬಂದ ದಿನವೇ ಮುಚ್ಚಿ ಚಿಲಕ ಹಾಕಿ, ಸಂದಿಗಳಿಗೆ ಚಿಂದಿ ತುರುಕಿದ್ದಳು. ಏಸಿಯ ಮಾತೆತ್ತುವ ಹಾಗೇ ಇರಲಿಲ್ಲ. ಬಾಣಂತಿಗೆ ಥಂಡಿಗಾಳಿ ತಾಗಿದರೆ ಸನ್ನಿಯಾಗುತ್ತದೆ ಎಂದು ನನ್ನ ಕಿವಿಗೆ ಹತ್ತಿ ಇಟ್ಟು, ಸೀರೆಯ ತುಂಡೊಂದನ್ನು ಹರಿದು ತಲೆಗೆ ಬಿಗಿಯಾಗಿ ಕಟ್ಟಿದಳು. ನೀಲಿ ಚೌಕುಳಿ, ಕೆಂಪು ಅಂಚು. ಕನ್ನಡಿ ನೋಡಿದರೆ ಯಾವುದೋ ಅಖಾಡದಿಂದ ಸೋತು ಬಂದ ಪೈಲ್ವಾನನ ಹಾಗಿದ್ದೆ.

ನಾನು ಬೇಯುತ್ತಿದ್ದೆ, ಇರಲಿ. ಆದರೆ ಮಗುವೂ ಬೇಯತೊಡಗಿತು. ಹುಟ್ಟಿ ವಾರವಾದ ಹೆಣ್ಣು ಕೂಸು, ಮೈಯೆಲ್ಲ ಬೆವರುಸಾಲೆ. ಒಂದು ಮಧ್ಯಾಹ್ನ ಮುಟ್ಟಿದರೆ ಕೈ ಸುಡುವಷ್ಟು ಜ್ವರ. ಹಾಲು ಕುಡಿಯಲೊಲ್ಲದು, ಕಟ್ಟಿದ ಬಟ್ಟೆ ಒದ್ದೆಯೂ ಆಗಲೊಲ್ಲದು. ಮಕ್ಕಳ ಡಾಕ್ಟರಮ್ಮ ನೋಡಿ, ಸೋಂಕಿನ ಲಕ್ಷಣ ಇಲ್ಲ, ಸೆಕೆಗೆ ಮೈಯ ನೀರು ಆರಿದೆ ಅಂದರು. ಕೋಣೆ ತಂಪು ಮಾಡಿ, ಮತ್ತೆ ಮತ್ತೆ ಹಾಲೂಡಿಸಿ, ಉಚ್ಚೆ ಹೊಯ್ಯುತ್ತಾಳಾ ನೋಡಿ. ನಾಳೆ ಸಂಜೆಯೊಳಗೆ ಹೊಯ್ಯದಿದ್ದರೆ, ಅಥವಾ ಇನ್ನೂ ಮಂಕಾದರೆ, ತಡಮಾಡದೆ ತನ್ನಿ, ಸೂಜಿ ಚುಚ್ಚಿ ನೀರು ಏರಿಸಬೇಕು ಎಂದರು. ಆ ಬೆರಳಿನಷ್ಟು ಕೈಗೆ ಸೂಜಿಯೇ? ನನಗೆ ಆಸ್ಪತ್ರೆಯ ಮೆಟ್ಟಿಲಲ್ಲೇ ಅಳು ಬಂತು.

ಮನೆಗೆ ಬಂದ ಕೂಡಲೇ ನಮ್ಮ ಯಜಮಾನರು ಏಸಿಯ ಮುಂದಿನ ಮುಚ್ಚಳ ಬಿಚ್ಚಿ, ಧೂಳು ಹಿಡಿಯುವ ಜಾಲರಿ ತೆಗೆದು, ನಲ್ಲಿಯ ಕೆಳಗೆ ಹಿಡಿದು ತೊಳೆದರು. ಅಮ್ಮ ಪಕ್ಕದಲ್ಲೇ ನಿಂತು ಎಲ್ಲ ನೋಡುತ್ತಿದ್ದಳು. "ಗಾಳಿ ಈ ಬಲೆಯಿಂದಾನೇ ಬರೋದಾ?" ಎಂದು ಕೇಳಿದಳು. "ಹೂಂ ಅತ್ತೆ, ಇದರಿಂದಾನೇ ಹೋಗಿ ಬರ್ಬೇಕು" ಎಂದರು ಇವರು, ಕೈಕೆಲಸದ ಧ್ಯಾನದಲ್ಲಿ. ಏಸಿ ಚಾಲೂ ಆಯಿತು. ಕೋಣೆ ಹಿತವಾಯಿತು. ಕೂಸು ಸ್ವಲ್ಪ ಹಾಲು ಕುಡಿಯಿತು. ಅಮ್ಮ ಮಾತ್ರ ನನ್ನ ತಲೆಯ ಬಟ್ಟೆಯನ್ನು ಎಳೆದೆಳೆದು ಬಿಗಿ ಮಾಡುತ್ತ, ಆ ಯಂತ್ರವನ್ನು ಮನೆಗೆ ನುಗ್ಗಿದ ಕಳ್ಳನನ್ನು ನೋಡುವ ಹಾಗೆ ನೋಡುತ್ತಿದ್ದಳು.

ಬೆಳಗಾಗುವ ಹೊತ್ತಿಗೆ ಏಸಿಯ ಸದ್ದು ಇತ್ತು, ತಂಪಿರಲಿಲ್ಲ. ಕೆಳಗೆ ಗೋಡೆಯುದ್ದಕ್ಕೂ ನೀರು ಸುರಿಯುತ್ತಿತ್ತು. ಮಗುವಿನ ಮೈ ಮತ್ತೆ ಕಾದಿತ್ತು, ಬಟ್ಟೆ ಒಣಗಿಯೇ ಇತ್ತು. ಇವರು ಸ್ಟೆಬಿಲೈಸರಿನ ಮುಳ್ಳು ನೋಡಿದರು, ಕರೆಂಟು ಸರಿಯಾಗಿತ್ತು. ತಂಪಿನ ಗುಂಡಿ ಆ ಕಡೆ ಈ ಕಡೆ ತಿರುಗಿಸಿದರು. ತಾರಸಿ ಹತ್ತಿ ಬಗ್ಗಿ ನೋಡಿ, ಹಿಂಭಾಗದಲ್ಲಿ ಪಾರಿವಾಳ ಒಟ್ಟಿದ್ದ ಕಡ್ಡಿಕಸವನ್ನು ಕೋಲಿನಿಂದ ಕೆದಕಿ ಬೀಳಿಸಿದರು. ಪಾರಿವಾಳಕ್ಕೆ ಮನೆ ಹೋಯಿತು, ನಮಗೆ ತಂಪು ಬರಲಿಲ್ಲ.

"ಆ ಜಾಲರಿ ನೋಡ್ರೀ" ಎಂದೆ.

"ನಿನ್ನೆ ತಾನೇ ನಾನೇ ತೊಳೆದಿದೀನಲ್ಲ, ಅದರಲ್ಲೇನಿರತ್ತೆ?" ಎಂದು ರೇಗಿದರು. ಸರ್ಕಾರಿ ಕಚೇರಿಯವರಿಗೆ ತಾವು ಒಮ್ಮೆ ಮುಗಿಸಿದ ಕೆಲಸವನ್ನು ಮತ್ತೆ ತೆರೆದು ನೋಡುವುದೆಂದರೆ ಅಪಮಾನ.

ಅಮ್ಮ ಕೂಸಿಗೆ ಬೀಸಣಿಗೆ ಬೀಸುತ್ತ, "ಪಾಪ, ಹಳೇ ಮಿಷಿನ್ನು, ಅದಕ್ಕೂ ಸುಸ್ತಾಗಿದೆ" ಎಂದಳು.

ಜೂನಿನಲ್ಲಿ ಏಸಿ ಮೆಕ್ಯಾನಿಕ್ ಸಿಗುವುದು ಮಂತ್ರಿಯ ದರ್ಶನಕ್ಕಿಂತ ಕಷ್ಟ. ವಾರದ ಮಗು ಎಂದು ಇವರು ಫೋನಿನಲ್ಲಿ ಅಂಗಲಾಚಿದ್ದಕ್ಕೆ ಸೆಕ್ಟರ್ ಮಾರುಕಟ್ಟೆಯ ಒಬ್ಬರು ಊಟ ಬಿಟ್ಟು ಬಂದರು. ನಡುವಯಸ್ಸಿನವರು, ಮಥುರಾ ಕಡೆಯವರಂತೆ. ಒಳಗೆ ಬರುವ ಮೊದಲು ಚಪ್ಪಲಿ ಬಿಟ್ಟು ಕೈಕಾಲು ತೊಳೆದರು. ಅಷ್ಟಕ್ಕೇ ಅಮ್ಮನಿಗೆ ಅರ್ಧ ಸಮಾಧಾನ. "ಗ್ಯಾಸ್ ಹೋಗಿರಬಹುದು ಭಯ್ಯಾ" ಎಂದು ಇವರು ತಮಗೆ ಗೊತ್ತಿದ್ದ ಒಂದೇ ರೋಗದ ಹೆಸರು ಹೇಳಿದರು. "ಮೊದಲು ನೋಡೋಣ" ಎಂದು ಅವರು ಹಿಂದಿಯಲ್ಲಿ ಹೇಳಿ, ಏಸಿ ನಿಲ್ಲಿಸಿ ಮುಚ್ಚಳ ತೆಗೆದರು.

ಒಳಗೆ ಮಂಜುಗಡ್ಡೆ! ಬಿಳೀ ಗೋಡೆಯೇ ಎದ್ದಿತ್ತು. ಜಾಲರಿಗೂ ಆ ಗಡ್ಡೆಗೂ ನಡುವೆ ಬಟ್ಟೆಯೊಂದು ಅಂಟಿ ಕೂತಿತ್ತು. ಗಾಳಿ ಆಡದೆ ಕಟ್ಟಿದರೆ ಹೀಗೇ ಒಳಗೇ ಹೆಪ್ಪುಗಟ್ಟುತ್ತದೆ ಎನ್ನುತ್ತ ಮೆಕ್ಯಾನಿಕ್ ಕರಗುವವರೆಗೆ ಕಾದು, ನಾಜೂಕಾಗಿ ಬಟ್ಟೆ ಬಿಡಿಸಿದರು. ನೀಲಿ ಚೌಕುಳಿ, ಕೆಂಪು ಅಂಚು. ಅವರು ಬಟ್ಟೆ ನೋಡಿದರು, ತಿರುಗಿ ನನ್ನ ತಲೆ ನೋಡಿದರು. ಇವರೂ ನನ್ನ ತಲೆ ನೋಡಿದರು. ಕೊನೆಗೆ ಎಲ್ಲರೂ ಅಮ್ಮನನ್ನು ನೋಡಿದೆವು.

"ಕುಡಿಯೋ ನೀರು ಬಟ್ಟೇಲಿ ಸೋಸಲ್ವಾ? ಹಂಗೇ ಗಾಳೀನೂ ಸೋಸಿ ಬರ್ಲಿ ಅಂತ ಇಟ್ಟೆ" ಎಂದಳು ಅಮ್ಮ. ಹಿಂದಿನ ಸಂಜೆ ಇವರು ಹಾಲು ತರಲು ಹೋದಾಗ, ನನಗೆ ಜೊಂಪು ಹತ್ತಿದಾಗ ಇಟ್ಟದ್ದಂತೆ. ಮಗುವಿಗೆ ತಂಪೂ ಇರಲಿ, ಮಗಳಿಗೆ ಗಾಳಿಯೂ ತಾಗದಿರಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನನಗೆ ಎಲ್ಲಿತ್ತೋ ಸಿಟ್ಟು. "ಕೂಸು ಸುಡ್ತಾ ಇದೆ, ಸಂಜೆ ಸೂಜಿ ಚುಚ್ತಾರೆ, ನಿಂಗೆ ನನ್ನ ಕಿವೀದೇ ಚಿಂತೆನಾ?" ಎಂದು ಕಿರುಚಿದೆ.

ಅಮ್ಮನ ಕೈಯ ಬೀಸಣಿಗೆ ನಿಂತಿತು. "ಹೂಂ ಕಣೇ, ನಿಂದೇ ಚಿಂತೆ" ಎಂದಳು. "ನಿನ್ನ ದೊಡ್ಡಮ್ಮ ಬಾಣಂತನದಲ್ಲಿ ಹೋದಳು ಅಂತ ಗೊತ್ತಲ್ಲ. ಕೋಣೇಲಿ ಹೊಗೆ ತುಂಬಿ ಅಕ್ಕ ಕೆಮ್ತಿದ್ಲು. ಕಿಟಕಿ ತೆಗಿಯೇ ಅಂದ್ಲು. ನಾನಿನ್ನೂ ಲಂಗದ ಹುಡುಗಿ, ತೆಗೆದೆ. ಆಮೇಲೆ ಚಳಿಜ್ವರ ಬಂದು ಅಕ್ಕ ಏಳಲೇ ಇಲ್ಲ. ಗಾಳಿ ಬಡೀತು ಅಂದ್ರು ಎಲ್ರೂ. ಕಿಟಕಿ ಯಾರು ತೆಗೆದ್ರು ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಹೆರಿಗೆಯ ನಂಜಿನಿಂದ ಬರುವ ಜ್ವರಕ್ಕೂ ಕಿಟಕಿಗೂ ಸಂಬಂಧವಿಲ್ಲ ಎಂದು ನಾನು ಓದಿದ್ದೆ. ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಆ ಪಾಂಡಿತ್ಯವನ್ನು ಅಲ್ಲೇ ಬಿಟ್ಟೆ. ಅಯ್ಯೋ ಅಮ್ಮ, ಇಷ್ಟು ವರ್ಷ ಇದನ್ನು ಒಬ್ಬಳೇ ಹೊತ್ತೆಯಾ ಎನ್ನಿಸಿ ಸಂಕಟವಾಯಿತು.

ಮಾತಾಜಿ ಏನಂದರು ಎಂದು ಮೆಕ್ಯಾನಿಕ್ ಕೇಳಿದರು. ಇವರು ತಮ್ಮ ಕಚೇರಿ ಹಿಂದಿಯಲ್ಲಿ ಅನುವಾದಿಸಿದರು. ಅವರು ನಗಲಿಲ್ಲ. ನಮ್ಮಲ್ಲೂ ಹೀಗೇ, ನನ್ನ ಹೆಂಡತಿ ಹೆತ್ತಾಗ ನಮ್ಮಮ್ಮ ಬಾಗಿಲಿಗೆ ದಪ್ಪ ರಜಾಯಿ ಹೊದಿಕೆಯನ್ನೇ ತೂಗುಹಾಕಿದ್ದಳು ಎಂದರು. ಏಸಿ ಜೋಡಿಸಿ, ಗಾಳಿ ಬಿಡುವ ಪಟ್ಟಿಗಳನ್ನು ಚಾವಣಿಯ ಕಡೆಗೆ ಎತ್ತಿ ತಿರುಗಿಸಿದರು. ಇವರ ಕೈಲಿ ಮಂಚವನ್ನು ಮೂಲೆಗೆ ಎಳೆಸಿದರು. ಆಮೇಲೆ ಅಮ್ಮನನ್ನು ಕರೆದು, ಅವಳ ಕೈಯನ್ನು ನನ್ನ ತಲೆಯ ಮೇಲೆ ಹಿಡಿಯಲು ಸನ್ನೆ ಮಾಡಿ, "ಹವಾ?" ಎಂದು ಕೇಳಿದರು.

ಅಮ್ಮ ಅಂಗೈ ತಿರುಗಿಸಿ ತಿರುಗಿಸಿ ಪರೀಕ್ಷಿಸಿದಳು. "ಗಾಳಿ ಇಲ್ಲ. ತಂಪು ಐತೆ" ಎಂದಳು. ಅವರು ಹೊರಡುವಾಗ "ನಿನ್ನ ಹೊಟ್ಟೆ ತಣ್ಣಗಿರಲಪ್ಪಾ" ಎಂದು ಕನ್ನಡದಲ್ಲೇ ಹರಸಿದಳು. ಅವರು ಅರ್ಥವಾದವರ ಹಾಗೆ ಕೈ ಮುಗಿದರು.

ಮಧ್ಯಾಹ್ನವೆಲ್ಲ ಕೋಣೆ ತಂಪಾಗಿತ್ತು. ಕೂಸಿನ ಮೈ ಕಾವು ಇಳಿಯುತ್ತ ಬಂತು, ನಾಲ್ಕು ಗುಟುಕು ಹೆಚ್ಚಿಗೆ ಕುಡಿಯಿತು. ಬಟ್ಟೆ ಮಾತ್ರ ಒಣಗಿಯೇ ಇತ್ತು. ಸಂಜೆ ಹತ್ತಿರವಾಯಿತು. ಇವರು ಆಟೋ ತರಲು ಅಂಗಿ ಹಾಕಿಕೊಂಡು ಕಾಯುತ್ತಿದ್ದಾಗ ಧೂಳುಗಾಳಿ ಎದ್ದು ಕರೆಂಟು ಹೋಯಿತು. ಏಸಿ ಗೊರಕೆ ಹೊಡೆದು ಸುಮ್ಮನಾಯಿತು. ಸ್ವಲ್ಪ ಹೊತ್ತಿಗೇ ಗೋಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಕಕ್ಕತೊಡಗಿದವು. ಕೂಸು ಮೊಲೆ ಬಿಟ್ಟು ಅಳಲು ಶುರುಮಾಡಿತು. ಹೊರಗೆ ಧೂಳು ಅಡಗಿ ಹನಿ ಬೀಳುತ್ತಿದ್ದ ಸದ್ದು ಕೇಳುತ್ತಿತ್ತು. ಎದುರು ಬ್ಲಾಕಿನವರೆಲ್ಲ ಕಿಟಕಿ ತೆಗೆದು ಬಾಲ್ಕನಿಗೆ ಬಂದಿದ್ದರು. ನಾನು ಮುಚ್ಚಿದ ಕಿಟಕಿ ನೋಡಿದೆ. ಅಮ್ಮನೂ ಅದನ್ನೇ ನೋಡುತ್ತಿದ್ದಳು. ಇವರು ಏಳಹೊರಟರು, ನಾನು ಕಣ್ಣಲ್ಲೇ ಬೇಡವೆಂದೆ.

ಅಮ್ಮ ಎದ್ದು ಹೋದಳು. ಸಂದಿಯ ಚಿಂದಿಗಳನ್ನು ಒಂದೊಂದಾಗಿ ಎಳೆದಳು. ಚಿಲಕದ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತಳು. ನಂತರ ತೆಗೆದಳು.

ಮಣ್ಣು ನೆಂದ ವಾಸನೆಯೊಂದಿಗೆ ತಣ್ಣನೆಯ ಗಾಳಿ ನುಗ್ಗಿತು. ಅಮ್ಮ ತಟ್ಟನೆ ಅದಕ್ಕೆ ಬೆನ್ನು ಕೊಟ್ಟು, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ, ಕಿಟಕಿಗೂ ನನಗೂ ನಡುವೆ ನಿಂತಳು. ಅವಳ ಸೊಂಟದ ಪಕ್ಕದಿಂದ ಬಂದಷ್ಟು ಗಾಳಿ ಕೂಸಿನ ಮೈಗೆ ಬಿತ್ತು. ಅದು ಬಿಕ್ಕುವುದನ್ನು ನಿಲ್ಲಿಸಿ ಮೊಲೆ ಹಿಡಿದು, ಹೊಟ್ಟೆತುಂಬ ಕುಡಿಯಿತು. ಕುಡಿಯುತ್ತಿದ್ದಂತೆಯೇ ನನ್ನ ಮಡಿಲು ಬೆಚ್ಚಗೆ ಒದ್ದೆಯಾಯಿತು.

"ಅಮ್ಮಾ, ಉಚ್ಚೆ ಹೊಯ್ತು!" ಎಂದು ಕೂಗಿದೆ. ಇವರು ಅಂಗಿಯ ಗುಂಡಿ ಬಿಚ್ಚಿ ನೆಲದ ಮೇಲೆ ಕೂತುಬಿಟ್ಟರು. ಅಮ್ಮ ನಗುತ್ತ ಅಳುತ್ತ, ಮನೆದೇವರನ್ನು ನೆನೆಯುತ್ತ, ಸೆರಗು ಮಾತ್ರ ಇಳಿಸದೆ ಹಾಗೇ ನಿಂತಿದ್ದಳು.

"ಅಮ್ಮ, ಸ್ವಲ್ಪ ಪಕ್ಕಕ್ಕೆ ಬಾ. ನಂಗೂ ಗಾಳಿ ಬರ್ಲಿ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಇಳಿಸಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.