ಅತ್ತೆಯ ಮತ, ಸೊಸೆಯ ಕೈ

ಗುಂಡಿಯಮ್ಮನಿಗೂ ಅವರ ಸೊಸೆಗೂ ಜಗಳವಾಗದ ದಿನ ಆ ಬೀದಿಯವರಿಗೆ ಏನೋ ಕಳೆದುಕೊಂಡಂತಾಗುತ್ತಿತ್ತು. ಉಪ್ಪು ಜಾಸ್ತಿಯಾಯಿತು, ನೆಲ ಒರೆಸಿಲ್ಲ ಎನ್ನುವ ಜಗಳವೆಂದುಕೊಂಡೀರಿ. ಅಂಥದ್ದಕ್ಕೆಲ್ಲ ಅವರಿಬ್ಬರಿಗೆ ಪುರುಸೊತ್ತೆಲ್ಲಿತ್ತು? ಅವರ ಜಗಳವೇನಿದ್ದರೂ ಸರ್ಕಾರದ್ದು. ನಗರಸಭೆ ಏನು ಮಾಡಬೇಕು, ಏನು ಮಾಡಬಾರದು, ಯಾರು ಬಂದರೆ ಊರು ಉದ್ಧಾರ, ಯಾರು ಬಂದರೆ ಹಾಳು. ಬೆಳಗಿನ ಕಾಫಿಗೆ ಶುರುವಾದದ್ದು ಸೊಸೆ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟು ಬೀದಿಯ ತಿರುವು ದಾಟುವವರೆಗೂ ನಡೆಯುತ್ತಿತ್ತು. ಕೊನೆಯ ಮಾತು ಮಾತ್ರ ಯಾವಾಗಲೂ ಕಿಟಕಿಯಿಂದ ಕೂಗುವ ಅತ್ತೆಯದೇ.

ಅಂಗಿಯ ಗುಂಡಿ, ದಾರ, ಲೇಸು ಮಾರುವ ಪುಟ್ಟ ಅಂಗಡಿ ಅವರದು. ಗುಂಡಿಯಮ್ಮ ಎಂಬ ಹೆಸರು ಬಂದದ್ದು ಅದರಿಂದ. ಗಂಡ ಹೋದ ಮೇಲೆ ಆ ಗೂಡಿನಲ್ಲೇ ಕೂತು ಒಬ್ಬನೇ ಮಗನನ್ನು ಬೆಳೆಸಿದರು. ಆಗೆಲ್ಲ ನಗರಸಭೆಯವರು ಬಂದು, ಹಲಗೆ ರಸ್ತೆಗೆ ಚಾಚಿದೆ, ಪರವಾನಗಿಯಲ್ಲಿ ಮೊಹರಿಲ್ಲ ಎಂದು ಕೊಟ್ಟ ಕಾಟ ಅಷ್ಟಿಷ್ಟಲ್ಲ. ದುಡಿಯುವವರನ್ನು ಅವರ ಪಾಡಿಗೆ ಬಿಟ್ಟರೆ ಸಾಕು, ಸರ್ಕಾರ ಎಲ್ಲದಕ್ಕೂ ಮೂಗು ತೂರಿಸಬಾರದು ಎಂಬುದು ಅಂದಿನಿಂದ ಅವರ ರಾಜಕೀಯ. ಸೊಸೆ ನಗರಸಭೆಯ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದವಳು, ಅಲ್ಲಿನ ಕಾರ್ಮಿಕ ಸಂಘದ ಮುಂದಾಳು ಬೇರೆ. ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದ ಅಪ್ಪ ಕಾಯಿಲೆ ಬಿದ್ದ ದಿನವೇ ಕೆಲಸ ಕಳೆದುಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಎಲ್ಲರಿಗೂ ಬೇಕಾದದ್ದು ಎಲ್ಲರ ಕೈಯಲ್ಲೇ ಇರಬೇಕು, ಒಬ್ಬನ ಜೇಬಿಗೆ ಹೋಗಬಾರದು ಎಂಬುದು ಅವಳ ರಾಜಕೀಯ.

ಟೀವಿಯಲ್ಲಿ ಚರ್ಚೆಗೆ ಕೂರುವವರ ಲೆಕ್ಕದಲ್ಲಿ ಅತ್ತೆ ಬಲಪಂಥ, ಸೊಸೆ ಎಡಪಂಥ. ಬಸ್ಸು ಓಡಿಸುವ ಮಗ, ಇಬ್ಬರ ನಡುವೆ ಕೂತು ಊಟ ಮಾಡುವ ತಾನು ಮಧ್ಯಪಂಥ ಎಂದು ನಗಿಸುತ್ತಿದ್ದ. ಆದರೆ ಈ ಹಣೆಪಟ್ಟಿಗಳು ಆ ಮನೆಯಲ್ಲಿ ಯಾರ ಹಣೆಗೂ ಸರಿಯಾಗಿ ಅಂಟಿದ್ದೇ ಇಲ್ಲ. ಬಟ್ಟೆ ಒಗೆಯುವ ಹೆಂಗಸರು ಮುಷ್ಕರ ಹೂಡಿ ಆಸ್ಪತ್ರೆಯ ಗೇಟಿನಲ್ಲಿ ಕೂತಾಗ ದಿನವೂ ಫ್ಲಾಸ್ಕು ತುಂಬಿಕೊಂಡು ಹೋದವರು ಯಾರು? ಇದೇ ಬಲಪಂಥದ ಅತ್ತೆ. ಒಬ್ಬೊಬ್ಬರ ಲೋಟಕ್ಕೂ ಚಹಾ ಬಗ್ಗಿಸುತ್ತ, ರೋಗಿಗಳ ಹಾಸಿಗೆ ಬಟ್ಟೆ ಕೊಳೆಯುತ್ತ ಬಿದ್ದಿದೆ, ನಿಮಗೆ ನಾಚಿಕೆಯಾಗಬೇಕು ಎಂದು ಎಲ್ಲರಿಗೂ ಮಂಗಳಾರತಿ ಎತ್ತಿ ಬಂದರು. ಇನ್ನು ಸಮಾನತೆಯ ಸೊಸೆಯೋ, ತನ್ನ ಕಾಫಿ ಲೋಟವನ್ನು ಗಂಡ ಮುಟ್ಟಿದರೂ ಮನೆ ಮಾಡು ಹಾರಿಹೋಗುವಂತೆ ಕೂಗುತ್ತಿದ್ದಳು.

ಹೀಗಿರುವಾಗ ಗುಂಡಿಯಮ್ಮನ ಕಣ್ಣು ಹೋಯಿತು. ಒಮ್ಮೆಲೇ ಅಲ್ಲ, ಅಂಚಿನಿಂದ ಸ್ವಲ್ಪಸ್ವಲ್ಪವೇ. ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಅತ್ತೆ ಅಳಲಿಲ್ಲ. ಬೆರಳಿನಲ್ಲೇ ತಡವಿ ಎರಡು ತೂತಿನ ಗುಂಡಿ ಯಾವುದು, ನಾಲ್ಕು ತೂತಿನದು ಯಾವುದು ಎಂದು ಬೇರ್ಪಡಿಸುವುದನ್ನು ಕಲಿತರು. ಸೊಸೆಯೇ ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳು.

ಆ ವರ್ಷವೇ ನಗರಸಭೆಯ ಚುನಾವಣೆ ಬಂತು. ಅತ್ತೆಯ ಪಕ್ಷದವರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಗೆದ್ದರೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಗುತ್ತಿಗೆಗೆ ಹೋಗುತ್ತದೆ, ಖರ್ಚು ಉಳಿಯುತ್ತದೆ. ಸೊಸೆಯ ಪಕ್ಷದವರು ಅದನ್ನು ಬಿಟ್ಟುಕೊಡುವುದಿಲ್ಲ ಎಂದಿದ್ದರು. ಈ ಸಲ ಮನೆಯಲ್ಲಿ ಜಗಳವಾಗಲಿಲ್ಲ. ಜಗಳವಾಡಲು ಇಬ್ಬರಿಗೂ ಭಯವಾಯಿತೋ ಏನೋ.

ಕಣ್ಣು ಕಾಣದವರು ಮತಗಟ್ಟೆಗೆ ತಮ್ಮ ನಂಬಿಕೆಯವರೊಬ್ಬರನ್ನು ಕರೆದೊಯ್ದು ಗುರುತು ಹಾಕಿಸಬಹುದು ಎಂಬ ನಿಯಮವಿತ್ತು. ತಾನೇ ಹೋಗುವುದೆಂದುಕೊಂಡು ಮಗ ರಜೆಯನ್ನೂ ಹಾಕಿದ್ದ. ಗುಂಡಿಯಮ್ಮ ಬೇಡವೆಂದರು. ಸೊಸೆ ಬರಲಿ ಎಂದರು. ನಿನಗೇನು ತಲೆ ಕೆಟ್ಟಿದೆಯಾ ಎಂದು ಮಗ ಕೇಳಿಯೇಬಿಟ್ಟ.

"ನೀನು ನನ್ನ ಹತ್ರಾನೂ ಹೂಂ ಅಂತೀಯ, ಅವಳ ಹತ್ರಾನೂ ಹೂಂ ಅಂತೀಯ," ಎಂದರು ಅವರು. "ಒಳಗೆ ಹೋಗಿ ಯಾರ ಹೂಂ ನಡೆಸ್ತೀಯೋ ಯಾರಿಗೆ ಗೊತ್ತು? ಇವಳಿಗೆ ಆಗಲ್ಲ ಅಂದ್ರೆ ನನ್ನ ಮುಖಕ್ಕೇ ಹೇಳ್ತಾಳೆ."

ಸೊಸೆ ತಿರುಗಿ ನೋಡಿದಳು. ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಅತ್ತೆಯ ಎದುರು ಬಂದು ಕೂತಳು.

"ಅತ್ತೆ, ನಿಮ್ಮೋರು ಗೆದ್ರೆ ನನ್ನ ಕೆಲಸ ಹೋಗುತ್ತೆ. ಅದು ಗೊತ್ತಿದ್ದೂ ನನ್ನ ಕೈಗೇ ಕೊಡ್ತೀರಾ?"

"ಗೊತ್ತು ಕಣೇ. ಆದ್ರೂ ನನಗೆ ಸರಿ ಅನ್ನಿಸಿದ್ದನ್ನೇ ನಾನು ಹೇಳೋದು. ನೀನು ಕಣ್ಣು ಕೊಡು ಸಾಕು, ತಲೆ ನಂದೇ ಇದೆ."

ಆಗಲ್ಲ ಎನ್ನಲು ಸೊಸೆಗೆ ಬಾಯಿ ಬರಲಿಲ್ಲ. ಹೂಂ ಎಂದಳು.

ಮತಗಟ್ಟೆ ಇದ್ದದ್ದು ಶಾಲೆಯ ಕೋಣೆಯಲ್ಲಿ. ಅಧಿಕಾರಿ, ಜೊತೆಗೆ ಬಂದವರು ಯಾರು ಎಂದು ಕೇಳಿದರೆ ಗುಂಡಿಯಮ್ಮ, ನಮ್ಮ ಮನೆಯ ವಿರೋಧ ಪಕ್ಷ ಎಂದರು. ಸಾಲಿನಲ್ಲಿ ನಿಂತವರು ಗೊಳ್ಳೆಂದು ನಕ್ಕರು. ಅಧಿಕಾರಿ ಮಾತ್ರ ನಗದೆ, ಅವರು ಹೇಳಿದಂತೆಯೇ ಗುರುತು ಹಾಕುತ್ತೇನೆ, ಹೊರಗೆ ಯಾರಿಗೂ ಹೇಳುವುದಿಲ್ಲ ಎಂದು ಸೊಸೆಯಿಂದ ಮಾತು ತೆಗೆದುಕೊಂಡರು.

ರಟ್ಟಿನ ಮರೆಯ ಹಿಂದೆ ಸೊಸೆ ಮತಪತ್ರದಲ್ಲಿದ್ದ ಹೆಸರುಗಳನ್ನು ಮೆಲ್ಲಗೆ ಓದಿದಳು. ಅತ್ತೆ ಅವಳ ಕಿವಿಗೆ ಬಾಯಿಟ್ಟು ಹೆಸರು ಹೇಳಿದರು. ತಮ್ಮ ಪಕ್ಷದವರದೇ ಹೆಸರು. ಹೇಳಿ, ಇನ್ನು ತನಗೇನೂ ಕೆಲಸವಿಲ್ಲವೆಂಬಂತೆ ಅವಳ ತೋಳು ಹಿಡಿದು ನಿಂತರು. ಸೊಸೆ ಪೆನ್ಸಿಲು ಕೈಗೆತ್ತಿಕೊಂಡಳು. ಎರಡು ಸಾಲು ಮೇಲೆ ಅವಳ ಪಕ್ಷದ ಹೆಸರಿತ್ತು. ಹಬೆಯಲ್ಲಿ ಬೇಯುತ್ತ ಚಾದರ ಹಿಂಡುವ ಗೆಳತಿಯರು ಕಣ್ಣ ಮುಂದೆ ಬಂದರು, ಅಪ್ಪ ಬಂದ. ಅಲ್ಲಿ ಒಂದು ಗೀಟು ಎಳೆದರೆ ಕೇಳುವವರಿಲ್ಲ, ನೋಡುವವರಿಲ್ಲ. ನೋಡುವವರಿಲ್ಲ ಎಂಬುದೇ ಅವಳಿಗೆ ತಡೆಯಲಾಗದ ಸಂಕಟ. ಹಲ್ಲು ಕಚ್ಚಿಕೊಂಡು, ಅತ್ತೆ ಹೇಳಿದ ಹೆಸರಿನ ಮುಂದೆ ಗುರುತು ಹಾಕಿದಳು. ಆಮೇಲೆ ತನ್ನ ಮತವನ್ನು ತನ್ನವರಿಗೆ ಹಾಕಿ ಬಂದಳು.

ಮಾರನೆಯ ದಿನ ಚಾದರದ ಇನ್ನೊಂದು ತುದಿ ಹಿಡಿದು ಮಡಚುತ್ತಿದ್ದ ಹಳೆಯ ಗೆಳತಿ ಕಣ್ಣು ಮಿಟುಕಿಸಿ, ಅತ್ತೆಯ ಓಟೂ ನಿನ್ನ ಕೈಯಲ್ಲೇ ಇತ್ತಂತಲ್ಲ, ನಮಗೇ ಬಿದ್ದಿರುತ್ತೆ ಬಿಡು ಎಂದಳು. ಅದನ್ನು ಹೇಳುವ ಹಾಗಿಲ್ಲ ಎಂದಳು ಸೊಸೆ. ಗೆಳತಿಯ ನಗು ಅಲ್ಲೇ ನಿಂತಿತು. ಫಲಿತಾಂಶ ಬಂದಾಗ ಆ ವಾರ್ಡಿನಲ್ಲಿ ಸೊಸೆಯ ಪಕ್ಷ ಬೆರಳೆಣಿಕೆಯ ಮತಗಳಿಂದ ಸೋತಿತ್ತು, ನಗರಸಭೆಯೂ ಕೈತಪ್ಪಿತ್ತು. ಅಂದಿನಿಂದ ಗೆಳತಿ ಚಾದರ ಮಡಚಲು ಬೇರೆಯವರನ್ನು ಕರೆಯತೊಡಗಿದಳು. ಸೊಸೆ ಬಾಯಿ ಬಿಡಲಿಲ್ಲ. ಮನೆಯಲ್ಲಿ ಗಂಡ ಕೇಳಿದರೂ ಬಿಡಲಿಲ್ಲ. ಅತ್ತೆಯಂತೂ ಒಂದು ಮಾತೂ ಕೇಳಲಿಲ್ಲ. ಗೆದ್ದರೆ ಬೀದಿಗೆಲ್ಲ ಕೇಳುವಂತೆ ಸೊಸೆಯನ್ನು ಛೇಡಿಸುತ್ತಿದ್ದ ಹೆಂಗಸು ಈ ಸಲ ಕಿಟಕಿಯ ಹತ್ತಿರವೂ ಸುಳಿಯಲಿಲ್ಲ.

ಗುತ್ತಿಗೆದಾರ ಬಂದ. ಅರ್ಧದಷ್ಟು ಹೆಂಗಸರನ್ನು ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳಿಸಿದ. ಸಂಘದ ಮುಂದಾಳನ್ನು ಯಾರಾದರೂ ಉಳಿಸಿಕೊಳ್ಳುತ್ತಾರೆಯೇ? ಸೊಸೆ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಹೊತ್ತಲ್ಲದ ಹೊತ್ತಿನಲ್ಲಿ ಅವಳ ಹೆಜ್ಜೆ ಕೇಳಿ ಗುಂಡಿಯಮ್ಮ ಎದ್ದು ನಿಂತರು. ಅವಳು ಹೇಳುವ ಮೊದಲೇ ಅವರಿಗೆ ತಿಳಿದುಹೋಯಿತು. ತಡವರಿಸುತ್ತ ಬಂದು, ಸೋಪಿನ ನೀರಿಗೆ ಬಿರಿದಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಸವರಿದರು.

"ಒಂದು ಕೇಳ್ತೀನಿ," ಎಂದರು. "ಅವತ್ತು ನಾನು ಹೇಳಿದ ಕಡೆಗೇ ಹಾಕಿದ್ಯಾ?"

"ಹೂಂ ಅತ್ತೆ. ನೀವು ಹೇಳಿದ ಕಡೆಗೇ."

ಗುಂಡಿಯಮ್ಮ ಆ ಬೆರಳುಗಳನ್ನು ತಮ್ಮ ಎರಡೂ ಕೈಯಲ್ಲಿ ಮುಚ್ಚಿಕೊಂಡರು.

"ಮನೇಲಿ ಒಂದು ದಿನಾನೂ ನನ್ನ ಮಾತು ಕೇಳಿದವಳಲ್ಲ ನೀನು. ಅವತ್ತೊಂದು ದಿನ ಯಾಕೆ ಕೇಳೋಕೆ ಹೋದೆ?"

ಹಾಗೆಂದು ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು. ಸೊಸೆ ಈ ಸಲ ಸ್ನಾನದ ಮನೆಗೆ ಹೋಗಲಿಲ್ಲ. ಅತ್ತೆಯ ಹೆಗಲಿಗೆ ಮುಖವಿಟ್ಟು, ಅವರು ಬಯ್ಯುತ್ತ ಬಯ್ಯುತ್ತ ತಲೆ ಸವರುತ್ತಿದ್ದಂತೆ, ಸಾಕೆನಿಸುವಷ್ಟು ಅತ್ತಳು.