ಕೆಮ್ಮಣ್ಣಿನ ಮೇಲಿನ ಕಂಪ್ಯೂಟರ್

ಕಳೆದ ವಾರ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರನ್ನು ಇಳಿಸಿ ಬಿಚ್ಚಿದೆ. ಪ್ರೊಸೆಸರ್ ಮೇಲಿನ ಫ್ಯಾನನ್ನು ಎತ್ತಿದ ಕೂಡಲೇ ಅದರ ಕೆಳಗಿನ ಅಲ್ಯೂಮಿನಿಯಂ ಸಂದಿಗಳಿಂದ ಕೆಂಪು ಮಣ್ಣು ಮೇಜಿನ ಮೇಲೆ ಉದುರಿತು. ಇಳಕಲ್ಲಿನಲ್ಲಿ ಯಾವ ಕಂಪ್ಯೂಟರ್ ಬಿಚ್ಚಿದರೂ ಮಗ್ಗದ ಮನೆಗಳ ನೂಲಿನ ಧೂಳು ಸಿಗುತ್ತದೆ, ಇಲ್ಲವೇ ಗ್ರಾನೈಟ್ ಕಾರ್ಖಾನೆಯ ಪುಡಿ. ಇದು ಎರಡೂ ಅಲ್ಲ. ಬೆರಳಿಗೆ ಹಚ್ಚಿ ಮೂಸಿದೆ. ಅರಿಶಿಣ, ಎಣ್ಣೆ, ಹುಳಿ ಮಜ್ಜಿಗೆ... ಕುಸ್ತಿ ತಾಲೀಮಿನ ಮಣ್ಣು. ಇಷ್ಟು ವರ್ಷದ ಮೇಲೂ ವಾಸನೆ ಹೋಗಿರಲಿಲ್ಲ.

ಆ ಕಂಪ್ಯೂಟರ್ ನಮ್ಮ ಓಣಿಯ ವಸ್ತಾದ ಕಾಕಾ ಅವರದು. ಕುಸ್ತಿ ಕಲಿಸುವವರನ್ನು ನಮ್ಮ ಕಡೆ ವಸ್ತಾದ ಎನ್ನುತ್ತಾರೆ, ಗರಡಿಮನೆಯನ್ನು ತಾಲೀಮು. ಅವರ ಕಿವಿಗಳು ಮುದ್ದೆಯಾಗಿದ್ದವು, ಕುತ್ತಿಗೆ ಎಂಬುದೇ ಇರಲಿಲ್ಲ. ಸಿಟ್ಟು ಬಂದರೆ ಎದುರಿಗಿದ್ದವನು ಯಾರು ಎಂದು ನೋಡುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅವರು ಒಬ್ಬ ಟಂಟಂ ಆಟೋ ಡ್ರೈವರನನ್ನು ಎತ್ತಿ ಗಟಾರಕ್ಕೆ ಒಗೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವನು ಮಾಡಿದ ತಪ್ಪು ಹಾರ್ನ್ ಬಾರಿಸಿದ್ದು, ಅಷ್ಟೇ.

ಒಂದು ದಿನ ತಾಲೀಮಿನಲ್ಲಿ ಅವರು ತಮ್ಮ ಶಿಷ್ಯನೊಬ್ಬನ ಕುತ್ತಿಗೆಯನ್ನು ತೋಳಿನಲ್ಲಿ ಸಿಗಿಸಿಕೊಂಡಿದ್ದರು. ಉಸಿರು ಸಿಗದೆ ಅವನು ಅಂಗೈಯಿಂದ ನೆಲ ಬಡಿದ. ನೆಲ ಬಡಿದರೆ ಸೋತೆ, ಬಿಡು ಎಂದು ಅರ್ಥ, ಬಡಿದವನನ್ನು ಬಿಟ್ಟುಬಿಡಬೇಕು. ಇವರು ಬಿಡಲಿಲ್ಲ. ಸಿಟ್ಟಿನಲ್ಲಿದ್ದರು, ಕೇಳಿಸಲೇ ಇಲ್ಲವಂತೆ. ಆ ಶಿಷ್ಯ ಕುತ್ತಿಗೆಯಿಂದ ಕೆಳಗೆ ಮತ್ತೆ ಅಲುಗಾಡಲಿಲ್ಲ. ಅಂದೇ ವಸ್ತಾದ ಕಾಕಾ ತಾಲೀಮು ಮುಚ್ಚಿದರು, ಇನ್ನು ಮನುಷ್ಯರ ಮೈಮೇಲೆ ಕೈ ಹಾಕುವುದಿಲ್ಲ ಎಂದು ಬನಶಂಕರಿಯ ಮುಂದೆ ಆಣೆ ಇಟ್ಟರು. ಪ್ರತಿ ಸೋಮವಾರ ಹಾಲಿನ ಕ್ಯಾನು ಹಿಡಿದು ಆ ಶಿಷ್ಯನ ಮನೆಗೆ ಹೋಗುತ್ತಿದ್ದರು. ಅವನ ತಾಯಿ ಚಪ್ಪಲಿಯಿಂದ ಹೊಡೆಯುತ್ತಿದ್ದಳು. ಹೊಡೆಸಿಕೊಂಡು, ಹಾಲಿಟ್ಟು ಬರುತ್ತಿದ್ದರು.

ಅಂಥ ಮನುಷ್ಯ ಕಂಪ್ಯೂಟರಿನ ಮುಂದೆ ಕೂತದ್ದು ಹೇಗೆ ಎಂದರೆ, ಹೊತ್ತು ಹೋಗಲಿ ಎಂದು ಅವರ ಅಳಿಯ ತನ್ನ ಹಳೆಯದನ್ನು ತಂದುಕೊಟ್ಟಿದ್ದ. ಅದು ನಿಧಾನ. ಇವರಿಗೆ ನಿಧಾನ ಎಂದರೆ ಆಗದು. ವಿಡಿಯೋ ನೋಡಿ ನೋಡಿ ಓವರ್‌ಕ್ಲಾಕಿಂಗ್ ಕಲಿತರು. ಕಂಪನಿಯವರು ಕಟ್ಟಿಕೊಟ್ಟ ವೇಗವನ್ನು ಮೀರಿಸಿ ಪ್ರೊಸೆಸರ್ ಓಡಿಸುವ ವಿದ್ಯೆ ಅದು. "ಇದರಾಗ ಇನ್ನೂ ದಮ್ ಐತಿ, ಕಂಪನಿಯವರು ಕಟ್ಟಿ ಹಾಕ್ಯಾರ" ಎನ್ನುತ್ತಿದ್ದರು.

ನಾನಾಗ ಸ್ಟುಡಿಯೋದವರಿಗೆ ಮದುವೆ ವಿಡಿಯೋ ಎಡಿಟ್ ಮಾಡಿಕೊಡುತ್ತಿದ್ದೆ. ನನ್ನ ಕಂಪ್ಯೂಟರ್ ಒಂದು ಅಕ್ಷತೆಯ ದೃಶ್ಯ ತಯಾರಿಸುವಷ್ಟರಲ್ಲಿ ಮದುಮಕ್ಕಳಿಗೆ ಮಗುವಾಗುತ್ತಿತ್ತು. ಅದನ್ನು ಹೊತ್ತುಕೊಂಡು ಕಾಕಾ ಇರುತ್ತಿದ್ದ ಆ ಮುಚ್ಚಿದ ತಾಲೀಮಿನ ಬಾಗಿಲಿಗೆ ಹೋದೆ. ತಾಲೀಮಿನೊಳಗೆ ಹೆಣ್ಣುಮಕ್ಕಳು ಕಾಲಿಡುವ ಪದ್ಧತಿ ಇರಲಿಲ್ಲ. ಹೊಸ್ತಿಲಲ್ಲೇ ನಿಂತೆ. ಅವರು ಬಹಳ ಹೊತ್ತು ಯೋಚಿಸಿ, "ಚಪ್ಲಿ ಬಿಟ್ಟು ಬಾ ತಂಗಿ. ಮಣ್ಣ ಹಣಿಗೆ ಹಚ್ಚಿಕೊಂಡು ಕುಂಡ್ರು" ಎಂದರು.

ಒಳಗೆ ನೋಡಿದರೆ, ಅಯ್ಯ ಶಿವನೇ! ಅಖಾಡದ ನಟ್ಟನಡುವೆ, ಕೆಮ್ಮಣ್ಣಿನ ಮೇಲೆಯೇ ಅವರ ಕಂಪ್ಯೂಟರ್ ಕೂತಿತ್ತು. ಫ್ಯಾನು ತಿರುಗಿದಂತೆಲ್ಲ ಮಣ್ಣು ಎಳೆದುಕೊಂಡು ಬಿಸಿಯಾಗಿ ತಾನೇ ಬಂದ್ ಆಗುತ್ತಿತ್ತು. ಮೇಜಿನ ಮೇಲೆ ಇಡ್ರಿ ಕಾಕಾ ಎಂದರೆ ಕಣ್ಣು ಕೆಂಪಾಗುತ್ತಿದ್ದವು. "ಈ ಮಣ್ಣ ಮೆಟ್ಟಿ ನಿಂತಾವ ಯಾವಾಗ ಬಿದ್ದಾನ ಹೇಳು?" ಎಂದು ಜಗಳಕ್ಕೇ ಬರುತ್ತಿದ್ದರು. ಕೊನೆಯವರೆಗೂ ಅದನ್ನು ಮಣ್ಣಿನಿಂದ ಎತ್ತಲಿಲ್ಲ, ಹಟಮಾರಿ!

ನನ್ನದನ್ನು ಮಾತ್ರ ಕಟ್ಟೆಯ ಮೇಲಿಟ್ಟು ಕಲಿಸಿದರು. ಸೆಟಪ್ ಪರದೆ ತೆರೆದು ಪ್ರೊಸೆಸರ್ ವೇಗ ಒಂದೇ ಮೆಟ್ಟಿಲು ಏರಿಸಬೇಕು. ಶುರುಮಾಡಿ ಭಾರದ ಕೆಲಸ ಕೊಟ್ಟು ಬಿಸಿ ಎಷ್ಟಿದೆ ನೋಡಬೇಕು. ತಡೆದುಕೊಂಡರೆ ಮತ್ತೊಂದು ಮೆಟ್ಟಿಲು. ಪರದೆ ಸ್ತಬ್ಧವಾದರೆ, ನೀಲಿಯಾದರೆ, ಅಲ್ಲಿಗೆ ಬಿದ್ದಿತು ಎಂದು ಲೆಕ್ಕ. ಒಂದು ಮೆಟ್ಟಿಲು ಹಿಂದೆ ಸರಿಯಬೇಕು. ಏಳಲೇ ಇಲ್ಲ ಎಂದರೆ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಶೆಲ್ ತೆಗೆದು ಮತ್ತೆ ಹಾಕಬೇಕು. ಎಲ್ಲ ಮರೆತು ಮೊದಲಿನಂತಾಗುತ್ತದೆ. ಮೆಮೊರಿಯ ವೇಗವನ್ನೂ ಜೊತೆಗೇ ಏರಿಸಲು ಹೋದರೆ ಗದರುತ್ತಿದ್ದರು. "ಇಬ್ಬರ ಕೂಡ ಒಮ್ಮೆಲೆ ಕುಸ್ತಿ ಹಿಡೀತಿಯೇನ? ಬಿದ್ದಾಂವ ಯಾರಂತ ಗೊತ್ತಾಗಂಗಿಲ್ಲ. ಮೊದಲ ಪ್ರೊಸೆಸರ್, ಆಮ್ಯಾಲ ಮೆಮೊರಿ."

ನಾನೇನು ಕಡಿಮೆಯವಳೇ? ಅವಸರ ಜಾಸ್ತಿ. ಒಮ್ಮೆ ಅವರ ಕಣ್ಣು ತಪ್ಪಿಸಿ ವೇಗವನ್ನೂ ವೋಲ್ಟೇಜನ್ನೂ ಒಟ್ಟಿಗೇ ಏರಿಸಿಬಿಟ್ಟೆ. ಸುಟ್ಟ ವಾಸನೆ ಬಂತು. ಅವರು ಹಿತ್ತಾಳೆ ತಂಬಿಗೆ ಎತ್ತಿ ಬೀಸಿದರು. ನನ್ನ ಕಡೆಗಲ್ಲ, ಗೋಡೆಗೆ. ಗಾರೆ ಕಿತ್ತು ಬಿತ್ತು. ಆಮೇಲೆ ಕಂಬಕ್ಕೆ ಗುದ್ದಿದರು, ಗೆಣ್ಣುಗಳಿಂದ ರಕ್ತ ಸುರಿಯುವವರೆಗೂ ಗುದ್ದಿದರು. ನಾನು ಮೂಲೆಗೆ ಸರಿದೆ. ಕೊನೆಗೆ ಕೈ ನೋಡಿಕೊಂಡು ಸಣ್ಣ ದನಿಯಲ್ಲಿ ಹೇಳಿದರು: "ಇದು ಬಿದ್ರ ಶೆಲ್ ತಗದ್ರ ಎದ್ದು ಕುಂಡ್ರತೈತಿ. ಆ ಹುಡುಗ ಏಳಲಿಲ್ಲವ್ವಾ. ಈಗ ಯಾರರ ನೆಲಾ ಬಡದ್ರ ನನಗ ಕೇಳಸ್ತೈತೋ ಇಲ್ಲೋ... ಅದಽ ಅಂಜಿಕಿ."

ನನ್ನ ಅಣ್ಣನೂ ಒಂದು ಕಾಲಕ್ಕೆ ಅವರ ಶಿಷ್ಯನೇ. ಅಪ್ಪ ಸತ್ತ ಮೇಲೆ ಮನೆಯ ಯಜಮಾನ ತಾನೇ ಎಂದುಕೊಂಡು ಮಾತು ಮಾತಿಗೆ ಕೈ ಎತ್ತುತ್ತಿದ್ದ. ಅವ್ವನ ಹಲ್ಲು ಉದುರಿಸಿದ್ದ. ತಂಗಿ ಮುದುಕನ ತಾಲೀಮಿಗೆ ಹೋಗುತ್ತಾಳೆ ಎಂದು ಯಾರೋ ಚಹಾದ ಅಂಗಡಿಯಲ್ಲಿ ನಕ್ಕರಂತೆ. ಅಷ್ಟೇ ಸಾಕಾಯಿತು.

ಒಂದು ಮಧ್ಯಾಹ್ನ ತಾಲೀಮಿನ ಬಾಗಿಲು ಒದ್ದು ಬಂದ. ನನ್ನ ಜಡೆ ಹಿಡಿದು ಎಳೆದ ರಭಸಕ್ಕೆ ಹಣೆ ಕಟ್ಟೆಗೆ ಬಡಿದು ಕಣ್ಣಿಗೆ ರಕ್ತ ಇಳಿಯಿತು. ನನ್ನ ಕಂಪ್ಯೂಟರನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿದ. "ಮಾನಾ ಕಳೀತಿಯೇನಲೇ ರಂಡಿ!" ಎಂದು ಹೊಟ್ಟೆಗೆ ಒದ್ದ. ಎರಡನೆಯ ಸಲ ಕಾಲೆತ್ತಿದವನು ನೆಲಕ್ಕಿಳಿಸಲಿಲ್ಲ. ವಸ್ತಾದ ಕಾಕಾ ಹಿಂದಿನಿಂದ ಬಂದು ಅವನ ಕುತ್ತಿಗೆಯನ್ನು ತೋಳಿನಲ್ಲಿ ಸಿಗಿಸಿ ನೆಲಕ್ಕೆ ಕೆಡವಿದ್ದರು. ಅದೇ ಪಟ್ಟು. ಅಣ್ಣನ ಮುಖ ಕೆಂಪಾಯಿತು, ಆಮೇಲೆ ಕಪ್ಪಾಯಿತು. ಕಣ್ಣು ಹೊರಗೆ ಬಂದವು. ನಿಜ ಹೇಳುತ್ತೇನೆ, ಮುರಿಯಲಿ ಎಂದೇ ನನ್ನ ಜೀವ ಕೂಗುತ್ತಿತ್ತು. ಕಾಕಾನ ಮುಖದಲ್ಲಿ ಮನುಷ್ಯನ ಕಳೆಯೇ ಇರಲಿಲ್ಲ.

ಅಣ್ಣ ನೆಲ ಬಡಿದ.

ಒಮ್ಮೆ ಬಡಿದ. ಮತ್ತೊಮ್ಮೆ ಬಡಿದ... ತೋಳು ಸಡಿಲಾಯಿತು. ಕಾಕಾ ಅವನನ್ನು ಬಿಟ್ಟು, ಎದ್ದು, ಒಂದು ಹೆಜ್ಜೆ ಹಿಂದೆ ಸರಿದರು. ತಮ್ಮ ಎರಡೂ ಕೈಗಳನ್ನು ಹೊಸದಾಗಿ ಕಂಡವರ ಹಾಗೆ ನೋಡುತ್ತಾ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಅಣ್ಣ ಮೂಲೆಯಲ್ಲಿದ್ದ ಕಸರತ್ತಿನ ಗದೆ ಎತ್ತಿ ಅವರ ತಲೆಯ ಹಿಂಭಾಗಕ್ಕೆ ಬೀಸಿದ. ಆ ಸದ್ದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಅವರು ತಮ್ಮ ಕಂಪ್ಯೂಟರಿನ ಪಕ್ಕದಲ್ಲೇ ಮುಖ ಅಡಿಯಾಗಿ ಬಿದ್ದರು.

ಬಾಗಲಕೋಟೆಯ ದವಾಖಾನೆಯಲ್ಲಿ ಒಮ್ಮೆ ಮಾತ್ರ ಎಚ್ಚರವಾದರು. ನನ್ನನ್ನು ಗುರುತು ಹಿಡಿದರು. "ಕೇಳಿಸಿತವ್ವಾ... ನೆಲಾ ಬಡದಿದ್ದು ಕೇಳಿಸಿತು. ಬಿಟ್ಟೆ ನೋಡು."

"ಯಾಕ ಬಿಟ್ರಿ ಕಾಕಾ? ಮುರೀಬೇಕಿತ್ತು ಆ ಹಲ್ಕಟ್‌ನ ಕುತ್ತಿಗಿ!" ಎಂದು ನಾನು ಆ ವಾರ್ಡೆಲ್ಲ ಕೇಳುವಂತೆ ಚೀರಿದೆ.

ಅವರು ನಕ್ಕರು. ತಲೆ ಒಡೆದು ಮಲಗಿದ ಮನುಷ್ಯ, ದೊಡ್ಡ ಕುಸ್ತಿ ಗೆದ್ದವರ ಹಾಗೆ ನಕ್ಕರು. ಮರುದಿನ ಹೋದರು.

ನಾನು ಕೋರ್ಟಿನಲ್ಲಿ ಅಣ್ಣನ ವಿರುದ್ಧ ಸಾಕ್ಷಿ ಹೇಳಿದೆ. ಅವ್ವ ಸಾಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಕಾಕಾ ಅವರ ಅಳಿಯ ಮಾತ್ರ, ಇದು ನಿನಗೇ ಇರಲಿ ಎಂದು ಆ ಕಂಪ್ಯೂಟರನ್ನು ನನ್ನ ಮನೆಗೆ ಮುಟ್ಟಿಸಿದ. ಬಿಚ್ಚಿ ನೋಡುವ ಧೈರ್ಯ ಇಷ್ಟು ವರ್ಷ ಬಂದಿರಲಿಲ್ಲ. ಈಗ ಯಾಕೆ ಬಿಚ್ಚಿದೆ ಎಂದರೆ, ಅಣ್ಣ ಶಿಕ್ಷೆ ಮುಗಿಸಿ ಊರಿಗೆ ಬಂದಿದ್ದಾನೆ.

ಹಲ್ಲುಜ್ಜುವ ಬ್ರಷ್‌ನಿಂದ ಮಣ್ಣು ತೆಗೆದು ಕಂಪ್ಯೂಟರ್ ಶುರುಮಾಡಿದೆ. ಎದ್ದಿತು! ಆದರೆ ಬೋರ್ಡಿನ ಶೆಲ್ ಸತ್ತುಹೋಗಿತ್ತು. ಅವರು ಮೆಟ್ಟಿಲು ಮೆಟ್ಟಿಲಾಗಿ ಏರಿಸಿಟ್ಟಿದ್ದ ವೇಗವೆಲ್ಲ ಅಳಿಸಿ, ಕಂಪನಿಯವರು ಕಟ್ಟಿದ್ದ ಮೊದಲಿನ ವೇಗಕ್ಕೇ ಬಂದು ನಿಂತಿತ್ತು. ಅವರ ಕೈಗುರುತು ಅದೊಂದರಲ್ಲೇ ಉಳಿದಿತ್ತು, ಅದೂ ಹೋಯಿತು. ಕೂತು ಅತ್ತೆ. ಅತ್ತು ಮುಗಿಸಿ, ಹೊಸ ಶೆಲ್ ಹಾಕಿ, ಒಂದು ಮೆಟ್ಟಿಲು ಏರಿಸಿದೆ.

ನಿನ್ನೆ ಸಂಜೆ ಅಣ್ಣ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಮುಂದೆ ಬಂದು ನಿಂತಿದ್ದ. ಕೂದಲೆಲ್ಲ ಬೆಳ್ಳಗಾಗಿ ಒಣಗಿ ಕಡ್ಡಿಯಾಗಿದ್ದಾನೆ. ಮೆಟ್ಟಿಲು ಹತ್ತಲಿಲ್ಲ. ಕೆಳಗೆ ಕುಕ್ಕರಿಸಿ ಕೂತು, ಅಂಗೈಯನ್ನು ಕಲ್ಲಿನ ಮೆಟ್ಟಿಲ ಮೇಲೆ ಬಡಿದ. "ತಂಗೀ..." ಎಂದ. ಮತ್ತೊಮ್ಮೆ ಬಡಿದ. ನಾನು ಷಟರ್ ಎಳೆದುಬಿಟ್ಟೆ.

ಕೇಳಿಸಲಿಲ್ಲ ಎಂದಲ್ಲ, ಕಾಕಾ. ಚೆನ್ನಾಗಿಯೇ ಕೇಳಿಸಿತು. ಆದರೆ ನನ್ನ ತೋಳು ಇನ್ನೂ ಸಡಿಲಾಗಿಲ್ಲ.